ಸನ್‌ಬರ್ಸ್ಟ್ ಬಣ್ಣ ಕೆಟ್ಟಾಗ: ಗಿಟಾರಿನ ಮರದ ಮೇಲಿನ ದೋಷಗಳನ್ನು ಗುರುತಿಸಿ ಸರಿಪಡಿಸುವ ಕ್ರಮ

ಗಿಟಾರಿನ ಮುಖದ ನಡುಭಾಗದಲ್ಲಿ ಹಳದಿ, ಅದರ ಸುತ್ತ ಕೆಂಪು ಅಥವಾ ಜೇನುಗಂದು, ಅಂಚಿಗೆ ಹೋದಂತೆ ಕಡುಗಂದು ಇಲ್ಲವೇ ಕಪ್ಪು, ಹೀಗೆ ಒಂದು ಬಣ್ಣವು ಗೆರೆ ಕಾಣದಂತೆ ಮತ್ತೊಂದರಲ್ಲಿ ಸೇರಿಹೋಗುವ ಲೇಪನಕ್ಕೆ ಸನ್‌ಬರ್ಸ್ಟ್ ಎನ್ನುತ್ತಾರೆ. ಫೆಂಡರ್ ಸಂಸ್ಥೆಯ ಸ್ಟ್ರಾಟೊಕ್ಯಾಸ್ಟರ್ ಗಿಟಾರು 1954ರಲ್ಲಿ ಹೊರಬಂದಾಗ ಅದರ ಮೇಲಿದ್ದದ್ದು ಎರಡು ಬಣ್ಣದ ಸನ್‌ಬರ್ಸ್ಟ್. ನಡುವೆ ಕೆಂಪು ಸೇರಿ ಅದು ಮೂರು ಬಣ್ಣದ್ದಾದದ್ದು 1958ರಲ್ಲಿ. ಕಾರ್ಖಾನೆಗಳಲ್ಲಿ ಅಂಚಿನ ಬಣ್ಣವನ್ನು ಸ್ಪ್ರೇ ಗನ್ನಿನಿಂದ ಹಾಕುತ್ತಾರೆ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಸ್ಪಿರಿಟ್ಟಿನಲ್ಲಿ ಅಥವಾ ನೀರಿನಲ್ಲಿ ಕರಗಿಸಿದ ಬಣ್ಣವನ್ನು ಹತ್ತಿಬಟ್ಟೆಯಿಂದ ನೇರವಾಗಿ ಮರಕ್ಕೆ ಉಜ್ಜಿ, ಮೇಲೆ ಅರಗಿನ ಪಾಲಿಶ್ ಅಥವಾ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹಾಕುತ್ತಾರೆ. ಈ ಬರಹ ಎರಡನೆಯ ವಿಧಾನದಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಕುರಿತದ್ದು. ಇದಕ್ಕೆ ಬೇಕಾದ ಸ್ಪಿರಿಟ್, ಅರಗಿನ ಚಕ್ಕೆ, ಲ್ಯಾಕರನ್ನು ತೆಳುಮಾಡುವ ಥಿನ್ನರ್, ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್‌ಗಳೆಲ್ಲ ಮೈಸೂರಿನ ಸಂತೆಪೇಟೆಯಂಥ ಕಡೆ ಮರಗೆಲಸದವರು ಹೋಗುವ ಬಣ್ಣದ ಅಂಗಡಿಗಳಲ್ಲಿಯೇ ಸಿಗುವ ಸಾಮಾನುಗಳು.

ಬಣ್ಣದಲ್ಲಿ ಕಾಣುವ ದೋಷಗಳಲ್ಲಿ ಹೆಚ್ಚಿನವು ಬಣ್ಣದಿಂದ ಬಂದವಲ್ಲ. ಮರವನ್ನು ಉಜ್ಜುವ ಹಂತದಲ್ಲಿಯೇ ಅವು ಹುಟ್ಟಿರುತ್ತವೆ, ಬಣ್ಣ ಬಿದ್ದ ಮೇಲೆ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಕೆಟ್ಟುಹೋದಂತೆ ಕಂಡ ತಕ್ಷಣ ಇನ್ನೊಂದು ಕೈ ಬಣ್ಣ ಬಳಿಯುವುದು ಪರಿಹಾರವಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ದೋಷವನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಮೊದಲು ನೋಡಬೇಕು, ಒರೆಸಬೇಕು, ಕಾಯಬೇಕು. ಇವಕ್ಕೆ ಖರ್ಚೂ ಇಲ್ಲ.

ಕೈಹಾಕುವ ಮುನ್ನ

ಸ್ಪಿರಿಟ್ ಮತ್ತು ಥಿನ್ನರ್ ಎರಡರ ಆವಿಯೂ ಗಾಳಿಗಿಂತ ಭಾರವಾದದ್ದು. ಅದು ನೆಲದ ಮೇಲೆ ಹರಡಿ ಪಕ್ಕದ ಕೋಣೆಯ ಬೆಂಕಿಯನ್ನು ತಲುಪಬಲ್ಲದು. ದೇವರ ದೀಪ, ಹಚ್ಚಿಟ್ಟ ಅಗರಬತ್ತಿ, ಅಡುಗೆಮನೆಯ ಒಲೆ, ಕಿಡಿ ಹಾರುವ ಹಳೆಯ ಸ್ವಿಚ್ಚು ಇವುಗಳಲ್ಲಿ ಯಾವುದೂ ಹತ್ತಿರವಿರಬಾರದು. ಕೆಲಸ ಜಗಲಿಯಲ್ಲೋ ಗಾಳಿಯಾಡುವ ಮಾಳಿಗೆಯ ಮೇಲೋ ನಡೆಯಲಿ. ಪಾಲಿಶ್ ಸ್ಪಿರಿಟ್ಟಿಗೆ ಕುಡಿಯಲಾಗದಂತೆ ವಿಷದ ಪದಾರ್ಥ ಬೆರೆಸಿರುತ್ತಾರೆ, ಅದರಲ್ಲಿ ಮೆಥನಾಲ್ ಇದ್ದರೆ ಚರ್ಮದ ಮೂಲಕವೂ ದೇಹ ಸೇರುತ್ತದೆ. ಕೈಗವಸು ಬೇಕೇ ಬೇಕು. ಮೂಗಿಗೆ ಕಟ್ಟುವ ಬಟ್ಟೆ ಮರದ ಧೂಳನ್ನು ಸ್ವಲ್ಪಮಟ್ಟಿಗೆ ತಡೆದೀತು, ಆದರೆ ಆವಿಯನ್ನು ತಡೆಯಲಾರದು. ಸ್ಪ್ರೇ ಮಾಡುವುದಾದರೆ ಇದ್ದಿಲಿನ ಡಬ್ಬಿಯುಳ್ಳ ರೆಸ್ಪಿರೇಟರನ್ನೇ ಧರಿಸಬೇಕು. ಎರಡು ಡಬ್ಬಿ ಬೆರೆಸಿ ಹಾಕುವ ಪಿಯು (ಪಾಲಿಯುರೆಥೇನ್) ಲೇಪನದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಉಬ್ಬಸವನ್ನು ತರಬಲ್ಲದು. ಅದನ್ನು ಮನೆಯಲ್ಲಿ ಸ್ಪ್ರೇ ಮಾಡಬಾರದು. ಅಗಸೆ ಎಣ್ಣೆಯಿರುವ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು.

ಒಣಗಿದ ಮೇಲೆ ಬಣ್ಣ ಮಂಕಾಗಿ ಕಾಣುತ್ತದೆ

ಬಳಿಯುವಾಗ ಹೊಳೆಯುತ್ತಿದ್ದ ಹಳದಿ ಒಂದು ಗಂಟೆಯ ನಂತರ ಸುಣ್ಣ ಬೆರೆತಂತೆ ಸಪ್ಪೆಯಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಒಣ ಮರದ ಒರಟು ಮೇಲ್ಮೈ ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ; ಮೇಲೆ ಪಾಲಿಶ್ ಬಿದ್ದಾಗ ಬಣ್ಣ ಮರಳಿ ಏಳುತ್ತದೆ. ಇದನ್ನು ಪರೀಕ್ಷಿಸಲು ಬಣ್ಣ ಯಾವುದರಲ್ಲಿ ಕರಗುವುದಿಲ್ಲವೋ ಆ ದ್ರವವನ್ನು ಬಳಸಬೇಕು. ಸ್ಪಿರಿಟ್ ಬಣ್ಣವಾಗಿದ್ದರೆ ಟರ್ಪೆಂಟೈನ್, ನೀರಿನ ಬಣ್ಣವಾಗಿದ್ದರೆ ಟರ್ಪೆಂಟೈನ್ ಅಥವಾ ಸ್ಪಿರಿಟ್ ಸಾಕು. ಬಟ್ಟೆಗೆ ಸ್ವಲ್ಪ ತಾಕಿಸಿ ಮೃದುವಾಗಿ ಸವರಿದರೆ, ಒದ್ದೆಯಿರುವಷ್ಟು ಹೊತ್ತು ಕಾಣುವ ಬಣ್ಣವೇ ಹೆಚ್ಚುಕಡಿಮೆ ಮುಂದೆ ಉಳಿಯುವ ಬಣ್ಣ. ಆಗ ಚೆನ್ನಾಗಿ ಕಂಡರೆ ಮರವನ್ನು ಮುಟ್ಟದೆ ಮುಂದಿನ ಹಂತಕ್ಕೆ ಹೋಗಬಹುದು.

ರಾತ್ರಿ ಬಿಳಿ ಎಲ್‌ಇಡಿ ದೀಪದ ಕೆಳಗೆ ಬಣ್ಣವನ್ನು ತೀರ್ಮಾನಿಸುವುದು ಇನ್ನೊಂದು ತೊಂದರೆ. ಆ ಬೆಳಕಿನಲ್ಲಿ ಕೆಂಪು ಸೊರಗಿದಂತೆ ತೋರುತ್ತದೆ, ಆಗ ಇನ್ನಷ್ಟು ಕೆಂಪು ಬಳಿಯುವ ಮನಸ್ಸಾಗುತ್ತದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ನೋಡಿದ ಮೇಲೆಯೇ ನಿರ್ಧಾರಕ್ಕೆ ಬರಬೇಕು.

ಕೆಲವೆಡೆ ಬಣ್ಣ ಹಿಡಿದೇ ಇಲ್ಲ

ಬಣ್ಣ ಬಳಿದರೂ ಬೆರಳಚ್ಚಿನ ಗಾತ್ರದ, ಅಂಚು ಸ್ಪಷ್ಟವಾಗಿರುವ ತಿಳಿ ಮಚ್ಚೆಗಳು ಉಳಿದಿದ್ದರೆ ಅಲ್ಲಿ ಅಂಟು ಇದೆ ಎಂದರ್ಥ. ಬಾಡಿಯ ಎರಡು ಹಲಗೆ ಸೇರುವ ಗೆರೆಯ ಉದ್ದಕ್ಕೂ ಕಂಡರೆ ಸಂಶಯವೇ ಬೇಡ. ಬಿಳಿ ಫೆವಿಕಾಲ್ ಒಣಗಿದ ಮೇಲೆ ಬರಿಗಣ್ಣಿಗೆ ಕಾಣದು, ಆದರೆ ಮರದ ರಂಧ್ರಗಳನ್ನು ಮುಚ್ಚಿಬಿಟ್ಟಿರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಆ ಜಾಗದ ಮೇಲಿಟ್ಟು, ಮೆತ್ತಗಾದ ಅಂಟನ್ನು ಕೆರೆಯುವ ತಗಡಿನಿಂದ ತೆಗೆದು, ಚೆನ್ನಾಗಿ ಒಣಗಿದ ಮೇಲೆ ಸುತ್ತಲ ಭಾಗಕ್ಕೆ ಬಳಸಿದ ಉಪ್ಪುಕಾಗದದಲ್ಲಿಯೇ ಉಜ್ಜಿ ಬಣ್ಣ ಕೊಡಬೇಕು. ನಮ್ಮ ಬಡಗಿಗಳು ಕೆರೆಯಲು ಒಡೆದ ಗಾಜಿನ ಚೂರನ್ನೇ ಬಳಸುವುದುಂಟು. ಅದಕ್ಕೆ ಪಳಗಿದ ಕೈ ಬೇಕು, ಹೊಸಬರು ತಗಡಿಗೇ ಅಂಟಿಕೊಳ್ಳುವುದು ಲೇಸು.

ಮಚ್ಚೆಯ ಅಂಚು ಮಸುಕಾಗಿದ್ದರೆ ಅದು ಕೈಯ ಜಿಡ್ಡು ಅಥವಾ ಮೇಣ. ಟರ್ಪೆಂಟೈನ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತೇಗದಲ್ಲಿ ಮಾತ್ರ ಈ ಜಿಡ್ಡು ಮರದ್ದೇ ಆದ ಎಣ್ಣೆಯಾಗಿರುವುದರಿಂದ, ಒರೆಸಿದ ಬೆನ್ನಿಗೇ ಬಣ್ಣ ಬಳಿಯಬೇಕಾಗುತ್ತದೆ.

ಬಣ್ಣ ತೇಪೆತೇಪೆಯಾಗಿ ಇಳಿದಿದೆ

ಮನೆಗೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷವಿದು. ಇದಕ್ಕೆ ಎರಡು ಬೇರೆಬೇರೆ ಕಾರಣಗಳಿವೆ, ಎರಡಕ್ಕೂ ಮದ್ದು ಬೇರೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಮರದ ಮೇಲ್ಮೈಗೆ ಬಹುತೇಕ ತಾಗುವಂತೆ ಓರೆಯಾಗಿ ಹಿಡಿದು ನೋಡಬೇಕು. ಕಪ್ಪಾದ ಭಾಗದಲ್ಲಿ ನಾರಿಗೆ ಅಡ್ಡಲಾಗಿ ಸಾಗುವ ಗೀರುಗಳೋ, ಉಜ್ಜುವ ಯಂತ್ರ ಬಿಟ್ಟ ಸಣ್ಣ ಸುರುಳಿಗಳೋ ಕಂಡರೆ ದೋಷ ಉಜ್ಜಿದ ಕ್ರಮದಲ್ಲಿದೆ. ಗೀರಿನೊಳಗೆ ಬಣ್ಣ ನಿಂತು ಗಾಢವಾಗಿದೆ ಅಷ್ಟೆ. ಟಾರ್ಚಿನಲ್ಲಿ ಮೇಲ್ಮೈ ನಯವಾಗಿಯೇ ಕಂಡು, ಕಪ್ಪು ಭಾಗ ಮಾತ್ರ ಮರದ ಸುಳಿಯ ಆಕಾರವನ್ನೇ ಅನುಸರಿಸುತ್ತಿದ್ದರೆ ಅದು ಮರದ ಗುಣ. ನಾರು ಮೇಲ್ಮುಖವಾಗಿ ತಿರುಗಿದ ಕಡೆ ಮರ ಹೆಚ್ಚು ಬಣ್ಣ ಕುಡಿಯುತ್ತದೆ. ಮಾವಿನ ಮರದಲ್ಲಿ ಇದು ಎದ್ದು ಕಾಣುತ್ತದೆ. ಒಂದೇ ಹಲಗೆಯಲ್ಲಿ ಚೇಗು ಮತ್ತು ಹೊರಮರ ಎರಡೂ ಇದ್ದರೆ ಅವೆರಡೂ ಬಣ್ಣವನ್ನು ಬೇರೆಬೇರೆಯಾಗಿ ತೆಗೆದುಕೊಳ್ಳುತ್ತವೆ.

ಉಜ್ಜುವಿಕೆಯ ದೋಷವಾಗಿದ್ದರೆ ಹಿಂದಕ್ಕೆ ಹೋಗದೆ ಗತ್ಯಂತರವಿಲ್ಲ. ಸ್ಪಿರಿಟ್ ಬಟ್ಟೆಯಿಂದ ಎತ್ತಬಹುದಾದಷ್ಟು ಬಣ್ಣವನ್ನು ಎತ್ತಿ, 120, 180, 220 ಸಂಖ್ಯೆಯ ಉಪ್ಪುಕಾಗದಗಳ ಕ್ರಮದಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ), ಯಾವ ಹಂತವನ್ನೂ ಬಿಡದೆ, ಕೊನೆಯ ಕಾಗದವನ್ನು ಕೈಯಿಂದಲೇ ನಾರಿನ ಉದ್ದಕ್ಕೆ ಎಳೆದು ಉಜ್ಜಬೇಕು. 220ರ ನಂತರ 400, 600 ಎಂದು ನುಣುಪು ಮಾಡುತ್ತ ಹೋಗುವುದು ಕೆಲವರ ರೂಢಿ, ಆದರೆ ಅಷ್ಟು ನುಣುಪಾದ ಮರ ಬಣ್ಣವನ್ನು ಕುಡಿಯುವುದೇ ಕಡಿಮೆ; ಆಮೇಲೆ ಬಣ್ಣ ತೆಳುವಾಯಿತೆಂದು ದೂರಿದರೆ ಪ್ರಯೋಜನವಿಲ್ಲ. ನಾರು ಕಡಿದ ಅಡ್ಡಮುಖಗಳು, ಅಂದರೆ ಬಾಡಿಯ ಕೆಳತುದಿ ಮತ್ತು ಕೊಂಬುಗಳ ತುದಿ ಇದಕ್ಕೆ ಅಪವಾದ. ಅವು ಅತಿಯಾಗಿ ಬಣ್ಣ ಹೀರುವುದರಿಂದ ಅಲ್ಲಿ ಮಾತ್ರ 320 ಅಥವಾ 400ರವರೆಗೆ ಹೋಗಬಹುದು.

ಮರದ ಗುಣವೇ ಕಾರಣವಾಗಿದ್ದರೆ ಉಜ್ಜಿ ಉಪಯೋಗವಿಲ್ಲ, ಎಷ್ಟು ಉಜ್ಜಿದರೂ ಅದೇ ತೇಪೆ ಮರಳಿ ಬರುತ್ತದೆ. ಒಂದು ಲೀಟರ್ ಸ್ಪಿರಿಟ್ಟಿಗೆ 60 ಗ್ರಾಂನಷ್ಟು ಅರಗಿನ ಚಕ್ಕೆ ಕರಗಿಸಿದ ತೆಳು ದ್ರಾವಣವನ್ನು ಮೊದಲು ಒಂದು ಕೈ ಹಾಕಿ, ಒಣಗಿದ ಮೇಲೆ 320ರ ಕಾಗದದಲ್ಲಿ ಲಘುವಾಗಿ ಸವರಿ, ಅದರ ಮೇಲೆ ನೀರಿನ ಬಣ್ಣ ಕೊಟ್ಟರೆ ಹೀರಿಕೆ ಸಮವಾಗುತ್ತದೆ. ಇಲ್ಲಿ ಸ್ಪಿರಿಟ್ ಬಣ್ಣ ಬಳಸಿದರೆ ಅದು ಕೆಳಗಿನ ಅರಗನ್ನೇ ಕರಗಿಸಿ ರಾಡಿ ಮಾಡುತ್ತದೆ. ಚಕ್ಕೆಯಲ್ಲಿ ಸಹಜವಾಗಿಯೇ ಮೇಣವಿರುತ್ತದೆ. ದ್ರಾವಣವನ್ನು ಕದಲಿಸದೆ ಒಂದೆರಡು ದಿನ ಬಿಟ್ಟರೆ ಮೇಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. (ಅರಗು ಮೈಸೂರಿಗೆ ಹೊಸದೇನಲ್ಲ. ಇಂದು ಚುನಾವಣೆಯ ಶಾಯಿಗೆ ಹೆಸರಾದ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿಯೇ ಆರಂಭಿಸಲಾಯಿತು.)

ಇನ್ನೊಂದು ಮಾತು. ತೇಪೆ ಅಂಚಿನ ಕಡುಬಣ್ಣದ ವಲಯದಲ್ಲಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ, ಕಂದು ಅದನ್ನು ನುಂಗುತ್ತದೆ. ನಡುವಿನ ಹಳದಿಯಲ್ಲಿ ಇದ್ದರೆ ಮಾತ್ರ ಶ್ರಮ ಸಾರ್ಥಕ.

ಬಣ್ಣಗಳ ನಡುವೆ ಗೆರೆ ಕಾಣುತ್ತದೆ

ಹಳದಿ ಮುಗಿದು ಕಂದು ಆರಂಭವಾಗುವ ಕಡೆ ಚಿತ್ರಕ್ಕೆ ಕಟ್ಟು ಹಾಕಿದಂತೆ ಗೆರೆ ಬಿದ್ದಿದ್ದರೆ, ಮೊದಲು ಅದು ನಿಜವಾಗಿಯೂ ಎಷ್ಟು ಎದ್ದು ಕಾಣುತ್ತದೆ ಎಂದು ನೋಡಬೇಕು. ಬಹಳ ಹೊತ್ತು ಹತ್ತಿರದಿಂದ ಕೆಲಸ ಮಾಡಿದ ಕಣ್ಣು ಸರಿಯಾಗಿ ತೂಗಲಾರದು. ಎರಡು ಮೀಟರ್ ದೂರ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪುಬಿಳುಪಿಗೆ ಬದಲಿಸಿದರೆ, ಛಾಯೆ ಎಲ್ಲಿ ಇಳಿಜಾರಾಗಿ ಇಳಿದಿದೆ, ಎಲ್ಲಿ ಮೆಟ್ಟಿಲಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಎಡಬಲಗಳು ಸಮವಾಗಿವೆಯೇ ಎಂದು ತಿಳಿಯಲು ಕನ್ನಡಿಯಲ್ಲಿ ನೋಡಬಹುದು.

ಗೆರೆ ಇದೆ ಎಂದು ಖಚಿತವಾದರೆ, ಬಿಳಿ ಬಟ್ಟೆಗೆ ಬಣ್ಣ ಕರಗುವ ದ್ರವವನ್ನು ತುಸುವೇ ತಾಕಿಸಿ ಗೆರೆಯ ಮೇಲೆ ಒಂದೆಡೆ ಉಜ್ಜಿ ನೋಡಬೇಕು. ಬಟ್ಟೆಗೆ ಬಣ್ಣ ಬಂದರೆ ಅದು ಇನ್ನೂ ಕದಲುತ್ತದೆ, ಕೂಡಿಸಬಹುದು. ಬರದಿದ್ದರೆ ಬಳಸಿದ್ದು ಪುಡಿಬಣ್ಣಕ್ಕೆ ಬಂಧಕ ಸೇರಿಸಿದ ಎಣ್ಣೆಯ ಸ್ಟೇನ್ ಆಗಿರಬೇಕು. ಅದು ಒಣಗಿದ ಮೇಲೆ ಜಪ್ಪಯ್ಯ ಎಂದರೂ ಕದಲುವುದಿಲ್ಲ, ಉಜ್ಜಿ ತೆಗೆಯುವುದೊಂದೇ ದಾರಿ.

ಕೂಡಿಸುವಾಗ ಬಟ್ಟೆ ಸಾಗುವ ದಿಕ್ಕೇ ಮುಖ್ಯ. ಹಳದಿ ಬಣ್ಣದಲ್ಲಿ ಅದ್ದಿ, ಹಿಂಡಿ, ತೇವ ಮಾತ್ರ ಉಳಿದ ಬಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ಸಣ್ಣ ಸುತ್ತುಗಳಲ್ಲಿ ಒಯ್ಯಬೇಕು. ಆಗ ತಿಳಿಬಣ್ಣ ಗಾಢಬಣ್ಣದೊಳಗೆ ಸರಿದು ಗೆರೆ ಕರಗುತ್ತದೆ. ಅಂಚಿನಿಂದ ನಡುವಿಗೆ ಎಳೆದರೆ ಕಂದು ಹಳದಿಯ ಮೇಲೆ ಹರಡುತ್ತದೆ, ಹಾಗೆ ಹರಡಿದ ಕಂದನ್ನು ಪೂರ್ತಿ ಹಿಂದೆಗೆಯಲು ಆಗುವುದಿಲ್ಲ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಬಟ್ಟೆ ಇರಬೇಕು. ಹಲವು ಸಲ ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡುಗಳು ಇದಕ್ಕೆ ಬಹಳ ಹೊಂದುತ್ತವೆ, ನೂಲೆಳೆ ಬಿಡುವ ಟರ್ಕಿ ಟವೆಲು ಬೇಡ.

ಮತ್ತೆ ಮತ್ತೆ ಗೆರೆ ಬೀಳುತ್ತಿದ್ದರೆ ಕಾರಣ ವೇಗ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ, ಅದರಲ್ಲಿಯೂ ಫ್ಯಾನಿನ ಕೆಳಗೆ, ಸ್ಪಿರಿಟ್ ಬಣ್ಣ ಕೈಯಾಡಿಸುವಷ್ಟರಲ್ಲಿ ಒಣಗಿಬಿಡುತ್ತದೆ. ಬೆಳಗಿನ ತಂಪಿಗೆ ಕೆಲಸವನ್ನು ಬದಲಿಸಬೇಕು, ಅಥವಾ ನಿಧಾನವಾಗಿ ಒಣಗುವ ನೀರಿನ ಬಣ್ಣಕ್ಕೆ ಹೋಗಬೇಕು. ಮೊದಲ ಸಲ ಮಾಡುವವರಿಗೆ ನೀರಿನ ಬಣ್ಣವೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ಮರದ ನಾರನ್ನು ಎಬ್ಬಿಸಿ ಮೇಲ್ಮೈಯನ್ನು ಒರಟಾಗಿಸುತ್ತದೆ ಎಂಬ ದೂರು ನಿಜ. ಬಣ್ಣಕ್ಕೆ ಮೊದಲೇ ಬರಿ ನೀರಿನಲ್ಲಿ ಒರೆಸಿ, ಒಣಗಿಸಿ, ಎದ್ದ ನಾರನ್ನು 320ರಲ್ಲಿ ಸವರಿಬಿಟ್ಟರೆ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ನಡುವಲಯ ಹಸಿರಾಗಿ ಅಥವಾ ಕೆಸರಾಗಿ ಕಾಣುತ್ತದೆ

ಹಳದಿಯ ಮೇಲೆ ತೆಳುವಾಗಿ ಕಪ್ಪು ಬಿದ್ದರೆ ಕಣ್ಣಿಗೆ ಕಾಣುವುದು ಹಸಿರು. ಮರದಲ್ಲಿಯಾಗಲಿ ಸಾಮಾನಿನಲ್ಲಿಯಾಗಲಿ ಇಲ್ಲಿ ದೋಷವಿಲ್ಲ, ಬಣ್ಣಗಳು ಬೆರೆಯುವ ಸಹಜ ಕ್ರಮವೇ ಹಾಗೆ. ನಡುವೆ ಕೆಂಪು ಅಥವಾ ಕೆಂಗಂದಿನ ತೆಳು ಪಟ್ಟಿಯೊಂದನ್ನು ಸೇರಿಸಿದರೆ ಹಸಿರು ಸತ್ತು ಬೆಚ್ಚನೆಯ ಕಂದು ಉಳಿಯುತ್ತದೆ. ಅಪ್ಪಟ ಕಪ್ಪಿನ ಬದಲು ಕಡುಗಂದನ್ನು ಬಳಸಿದರೆ ಈ ಪ್ರಶ್ನೆ ಅಷ್ಟಾಗಿ ಏಳುವುದೇ ಇಲ್ಲ.

ಎಲ್ಲೆಡೆ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳಿದ್ದರೆ ಅದು ಬೇರೆ ವಿಷಯ. ಉಜ್ಜಲು ಉಕ್ಕಿನ ನಾರನ್ನು ಬಳಸಿ, ಅದರ ಪುಡಿ ಮರದಲ್ಲಿ ಉಳಿದಿರುವಾಗ ನೀರಿನ ಬಣ್ಣ ಹಾಕಿದರೆ ಕಬ್ಬಿಣವು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ಸೇರಿ ಕಪ್ಪಾಗುತ್ತದೆ. ಲ್ಯಾಕರ್ ಬೀಳುವವರೆಗೆ ಉಕ್ಕಿನ ನಾರನ್ನು ಮರದ ಹತ್ತಿರ ತರಬಾರದು.

ಪಾಲಿಶ್ ಹಾಕಿದೊಡನೆ ಬಣ್ಣ ಹರಿದಾಡಿತು

ಮೇಲಿನ ಲೇಪನದ ದ್ರಾವಕ ಕೆಳಗಿನ ಬಣ್ಣವನ್ನೂ ಕರಗಿಸಬಲ್ಲದಾಗಿದ್ದರೆ ಹೀಗಾಗುತ್ತದೆ. ಸ್ಪಿರಿಟ್ ಬಣ್ಣದ ಮೇಲೆ ಅರಗಿನ ಪಾಲಿಶನ್ನು ಬಟ್ಟೆಯಿಂದ ಉಜ್ಜಿದರೆ ಬಣ್ಣ ಎದ್ದು ಬಟ್ಟೆಗೆ ಬರುವುದು ಖಂಡಿತ; ಎನ್‌ಸಿ ಥಿನ್ನರ್ ಕೂಡ ಇಂಥ ಬಣ್ಣಗಳನ್ನು ಕದಲಿಸುತ್ತದೆ. ಮೊದಲ ಕೆಲವು ಕೈಗಳನ್ನು ಬ್ರಷ್ಷಿನಲ್ಲಾಗಲಿ ಬಟ್ಟೆಯಲ್ಲಾಗಲಿ ಹಾಕದೆ, ಬಿದ್ದ ತಕ್ಷಣ ಒಣಗುವಷ್ಟು ತೆಳುವಾಗಿ ಸ್ಪ್ರೇ ಮಾಡಬೇಕು. ಸ್ಪ್ರೇ ಸೌಲಭ್ಯವಿಲ್ಲದವರು ನೀರಿನ ಬಣ್ಣ ಹಾಕಿ, ರಾತ್ರಿಯಿಡೀ ಒಣಗಿಸಿ, ಅದರ ಮೇಲೆ ಅರಗನ್ನು ಕೊಡುವುದು ಸುರಕ್ಷಿತ ಜೋಡಿ. ಬೀಟೆಯ ಮರವಾದರೆ ಬಣ್ಣವನ್ನೇ ಹಾಕದಿದ್ದರೂ ಇದೇ ಲಕ್ಷಣ ಕಾಣಬಹುದು, ಏಕೆಂದರೆ ಅದರ ಸಹಜ ನೇರಳೆಗೆಂಪು ಸ್ಪಿರಿಟ್ಟಿನಲ್ಲಿ ಕರಗಿ ಪಕ್ಕದ ತಿಳಿಮರಕ್ಕೆ ಹರಿಯುತ್ತದೆ.

ಲ್ಯಾಕರ್ ಮೇಲೆ ಬಿಳಿ ಮಂಜು

ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಳೆ ಹಿಡಿದ ದಿನಗಳಲ್ಲಿ ಎನ್‌ಸಿ ಲ್ಯಾಕರ್ ಹಾಕಿದವರಿಗೆ ಈ ಲಕ್ಷಣ ಪರಿಚಿತ. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು ಲೇಪನದೊಳಗೆ ಸಿಕ್ಕಿಕೊಳ್ಳುತ್ತದೆ. ಮಂಡ್ಯದ ಕಡೆ ನಾಲೆ, ಗದ್ದೆಗಳ ಪಕ್ಕದ ಮನೆಗಳಲ್ಲಿ ಮಳೆಯಿಲ್ಲದ ಬೆಳಗಿನಲ್ಲಿಯೂ ಹೀಗಾಗಬಹುದು. ಏನನ್ನೂ ಮಾಡದೆ ಒಂದು ದಿನ ಒಣಹವೆಯಲ್ಲಿ ಬಿಟ್ಟು ನೋಡಬೇಕು. ತೆಳು ಮಂಜು ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ ಬಿಸಿಲು ಕಂಡ ದಿನ, ಮಧ್ಯಾಹ್ನದ ಹೊತ್ತಿಗೆ, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳುವಾಗಿ ಸ್ಪ್ರೇ ಮಾಡಿದರೆ ಲೇಪನ ಮತ್ತೆ ಬಾಯಿಬಿಟ್ಟು ತೇವ ಹೊರಹೋಗುತ್ತದೆ. ಬೇಗ ಒಣಗಲೆಂದು ಒಲೆಯ ಹತ್ತಿರವಾಗಲಿ ಹೀಟರಿನ ಮುಂದಾಗಲಿ ಇಡಬಾರದು: ನೈಟ್ರೊಸೆಲ್ಯುಲೋಸ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು.

ಮಂಜಿನ ಬದಲು ಸಣ್ಣ ಸಣ್ಣ ಗುಂಡು ಕುಳಿಗಳು ಬಿದ್ದು ಲ್ಯಾಕರ್ ಅಲ್ಲಿಂದ ಹಿಂದೆ ಸರಿದಂತೆ ಕಂಡರೆ, ಕಂಪ್ರೆಸರಿನ ತೊಟ್ಟಿಯಲ್ಲಿ ನೀರು ನಿಂತಿದೆಯೇ ಎಂದು ತಳದ ಕೀಲಿ ಬಿಚ್ಚಿ ನೋಡಬೇಕು. ನೀರಿಲ್ಲದಿದ್ದರೆ ಸಂಶಯ ಸಿಲಿಕೋನಿನ ಮೇಲೆ. ಕಾರಿನ ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ಸ್ಪ್ರೇಯನ್ನು ಅದೇ ಕೋಣೆಯಲ್ಲಿ ಬಳಸಿದ್ದರೂ ಅಷ್ಟು ಸಾಕು. ಹಸಿಯಿರುವಾಗಲೇ ಲ್ಯಾಕರನ್ನು ಥಿನ್ನರಿನಿಂದ ಒರೆಸಿ ತೆಗೆದುಬಿಡಬೇಕು, ಅದರ ಮೇಲೆ ಇನ್ನೊಂದು ಕೈ ಹಾಕಿದರೆ ಕುಳಿ ಮುಚ್ಚುವುದಿಲ್ಲ.

ನಯಗೊಳಿಸುವಾಗ ಅಂಚಿನಲ್ಲಿ ಬಿಳಿಮರ ಕಾಣಿಸಿತು

ಲ್ಯಾಕರ್ ಉಜ್ಜುವಾಗ ಅಂಚಿನಲ್ಲಿ ಕಾಗದ ಬಣ್ಣವನ್ನು ದಾಟಿ ಮರಕ್ಕೆ ಇಳಿಯುವುದು ಸಾಮಾನ್ಯ. ಆ ಜಾಗಕ್ಕೆ ಬಣ್ಣದ ಬಟ್ಟೆ ಒತ್ತಿದರೆ ಸುತ್ತಲಿನ ಲ್ಯಾಕರ್ ತಡೆಯುವುದರಿಂದ ಕಪ್ಪು ಅಂಚುಳ್ಳ ಮಚ್ಚೆಯೇ ಉಳಿಯುತ್ತದೆ. ಅದೇ ಬಣ್ಣವನ್ನು ತೆಳು ಲ್ಯಾಕರಿನಲ್ಲಿ ಬೆರೆಸಿ, ಸಣ್ಣ ಕುಂಚದಿಂದ ತೆಳು ತೆಳುವಾಗಿ, ಪ್ರತಿಸಲವೂ ಒಣಗಿಸಿ ಕಟ್ಟುತ್ತ ಬರಬೇಕು. ಸನ್‌ಬರ್ಸ್ಟ್‌ನ ಅಂಚು ಹೇಗಿದ್ದರೂ ಗಾಢವಾಗಿರುವುದರಿಂದ ಇದು ಸಾಮಾನ್ಯವಾಗಿ ಅಡಗಿಹೋಗುತ್ತದೆ.

ದಿನ ಕಳೆದಂತೆ ಬಣ್ಣ ಬದಲಾಗುತ್ತಿದೆ

ಕೆಂಪು ಮಾಸಿ ಹಳದಿ ಉಳಿಯುತ್ತಿದ್ದರೆ ಅದು ಬೆಳಕಿನ ಕೆಲಸ. ಗಿಬ್ಸನ್ ಸಂಸ್ಥೆಯ 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಲೆಸ್ ಪಾಲ್‌ಗಳಲ್ಲಿ ಅನೇಕವು ಹೀಗೆಯೇ ಕೆಂಪು ಕಳೆದುಕೊಂಡವು. ಸಂಗ್ರಾಹಕರು ಇಂದು ಆ ಮಾಸಿದ ಬಣ್ಣಕ್ಕೇ ಮಾರುಹೋಗುತ್ತಾರೆ ಎಂಬುದು ಬೇರೆ ಮಾತು. ಲೋಹಸಂಯುಕ್ತ ಬಣ್ಣಗಳು ಬೆಳಕನ್ನು ಹೆಚ್ಚು ತಾಳುತ್ತವೆ, ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಬೇಕು. ವೀಣೆಗೆ ಬಳಸುವ ಹಲಸಿನ ಮರದಲ್ಲಿ ಬಾಡಿ ಮಾಡಿಸಿದ್ದರೆ ಲಕ್ಷಣ ತಿರುಗುಮುರುಗು: ಅದರ ಸಹಜ ಹಳದಿ ಬೆಳಕಿಗೆ ಕಂದಾಗುತ್ತದೆ, ಆದ್ದರಿಂದ ನಡುಭಾಗ ಕಪ್ಪೇರಿ ಸನ್‌ಬರ್ಸ್ಟ್ ಕುಗ್ಗಿದಂತೆ ಕಾಣುತ್ತದೆ. ಇದನ್ನು ಪೂರ್ತಿಯಾಗಿ ತಡೆಯುವ ಲೇಪನವಿಲ್ಲ. ಅಂಚನ್ನು ಮೊದಲೇ ಹೆಚ್ಚು ಗಾಢವಾಗಿಸಿ ಅಂತರ ಉಳಿಸಿಕೊಳ್ಳಬಹುದು.

ಎಲ್ಲಿ ಕೈ ನಿಲ್ಲಿಸಬೇಕು

ಉಜ್ಜುವಾಗ ನಾರಿನ ದಿಕ್ಕು ಒಮ್ಮೆಲೇ ಬದಲಾದರೆ ಅಥವಾ ಅಂಟಿನ ಗೆರೆ ಕಂಡರೆ ತಕ್ಷಣ ನಿಲ್ಲಿಸಬೇಕು. ಕಡಿಮೆ ಬೆಲೆಯ ಗಿಟಾರುಗಳ ಮುಖದ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ವೆನಿಯರ್, ಅಂದರೆ ಅಂಟಿಸಿದ ಮರದ ಹಾಳೆ, ಇರುವುದು ಸಾಮಾನ್ಯ, ಅದು ಸವೆದ ಮೇಲೆ ಮರಳಿ ಬಣ್ಣ ಕೊಡಲು ಮರವೇ ಇರುವುದಿಲ್ಲ. ಬಣ್ಣವನ್ನು ಪೂರ್ತಿ ಕಳೆಯಲು ಬಟ್ಟೆ ಬಿಳುಪಿಸುವ ಬ್ಲೀಚ್ ಅನೇಕ ಡೈಗಳ ಮೇಲೆ ಕೆಲಸ ಮಾಡುತ್ತದೆ, ಆದರೆ ಅದನ್ನು ಶೌಚಾಲಯ ತೊಳೆಯುವ ಆಸಿಡ್ ಅಥವಾ ಅಮೋನಿಯಾ ಜೊತೆ ಎಂದಿಗೂ ಬೆರೆಸಬಾರದು, ಏಳುವುದು ವಿಷಾನಿಲ. ಹಲಗೆಗಳ ಬೆಸುಗೆಯಲ್ಲಿ ಬಿರುಕು ಕಂಡರೆ, ಅಥವಾ ಗಿಟಾರು ಹಳೆಯದಾಗಿದ್ದು ಮೂಲ ಲೇಪನವೇ ಉಳಿದಿದ್ದರೆ, ಅದು ವಾದ್ಯ ರಿಪೇರಿ ಬಲ್ಲವರ ಕೆಲಸ. ಬಣ್ಣದ್ದೇ ತೊಂದರೆಯಾದರೆ, ಬೀಟೆ ಮರದ ಕುಸುರಿಗೆ ಹೆಸರಾದ ಮಂಡಿ ಮೊಹಲ್ಲಾದಂಥ ಕಡೆ ಸ್ಪ್ರೇ ಪಾಲಿಶ್ ಮಾಡುವವರನ್ನು ಕೇಳಬಹುದು. ಅವರಲ್ಲಿಗೆ ಹೋಗುವಾಗ ಕುತ್ತಿಗೆ, ಪಿಕಪ್ಪು, ತಂತಿಗಳನ್ನೆಲ್ಲ ಬಿಚ್ಚಿಟ್ಟು, ಅದೇ ಮರದ ತುಂಡೊಂದಕ್ಕೆ ಬಳಸಿದ ಬಣ್ಣವನ್ನು ಹಚ್ಚಿ ಒಯ್ಯಬೇಕು, ಮತ್ತು ಈವರೆಗೆ ಯಾವ ದ್ರಾವಕ, ಯಾವ ಸೀಲರ್, ಯಾವ ಲ್ಯಾಕರ್ ಹಾಕಲಾಗಿದೆ ಎಂಬುದನ್ನು ಕ್ರಮವಾಗಿ ಬರೆದು ಕೊಡಬೇಕು. ಆ ಪಟ್ಟಿಯಿಲ್ಲದೆ ಹಳೆಯ ಲೇಪನದ ಮೇಲೆ ಯಾವುದು ನಿಲ್ಲುತ್ತದೆ ಎಂದು ಅವರೂ ಹೇಳಲಾರರು.